ಸೇಬಿನ ತಟ್ಟೆ

ಮೇಜಿನ ಮೇಲೆ ಸೇಬಿನ ಹೋಳು ಕಂಡದ್ದೇ ನೋಯೆಮಿಗೆ ಮೈಯೆಲ್ಲ ಉರಿಯಿತು. ವೈನ್ ಕೊಳ್ಳಲು ಬಂದ ಬತ್ತಿಸ್ತ ಆಗಲೇ ಕುರ್ಚಿ ಎಳೆದು ಕೂತಿದ್ದ. ದ್ರಾಕ್ಷಿ ಬೆಳೆಯುವ ಈ ಲಾಂಗೆ ಗುಡ್ಡದಲ್ಲಿ ವೈನ್ ಮಾರುವ ಮನೆಯವರು ಯಾರಾದರೂ ಸೇಬು ಇಡುತ್ತಾರೆಯೇ? ಚೀಸ್ ಇಡುತ್ತಾರೆ. ಅದರ ಜಿಡ್ಡು ನಾಲಿಗೆಗೆ ಹತ್ತಿದರೆ ಎಂಥ ಒಗರು ವೈನೂ ಮೆತ್ತಗೆ ಇಳಿಯುತ್ತದೆ. ಸೇಬು ತಿಂದು ಕುಡಿದರೋ, ಒಳಗಿನ ಹುಳುಕೆಲ್ಲ ಹೊರಗೆ.

"ಏನತ್ತೆ ಇದು?" ಎಂದು ಪಿಸುಗುಟ್ಟಿದಳು.

"ಸೇಬು ಕಣೇ. ಆರೋಗ್ಯಕ್ಕೆ ಒಳ್ಳೇದು," ಎಂದಳು ಅತ್ತೆ ಎರ್ಮಿನಿಯಾ.

ಈ ವರ್ಷದ ವೈನ್ ನೋಯೆಮಿ ಮಾಡಿದ್ದು, ಅವಳ ಮೊದಲನೆಯದು. ಬತ್ತಿಸ್ತ ಮೂಗು ಮುರಿದರೆ ನೆಲಮಾಳಿಗೆಯ ಬೀಗದ ಕೈ ವಾಪಸ್ಸು ಅತ್ತೆಯ ಸೊಂಟಕ್ಕೆ. ಮಾತು ಹಾಗೇ ಆಗಿತ್ತು.

ಹೂಜಿ ಹಿಡಿದು ಕೆಳಗಿಳಿದವಳು ಎರಡು ಪೀಪಾಯಿಗಳ ನಡುವೆ ಒಂದು ಗಳಿಗೆ ನಿಂತಳು. ಒಂದು ಅವಳದು, ಇನ್ನೊಂದು ಹೋದ ವರ್ಷ ಅತ್ತೆ ಮಾಡಿದ್ದು. ಮೇಲೆ ಬರುವಾಗ ಕಳ್ಳನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

ಬತ್ತಿಸ್ತ ಸೇಬು ಕಚ್ಚಿದ, ಒಂದು ಗುಟುಕು ಎಳೆದು ಬಾಯೆಲ್ಲ ಆಡಿಸಿದ. ಮುಖ ಕಿವುಚಿದ.

"ಮೈಯೇ ಇಲ್ಲವಲ್ರೀ ಇದಕ್ಕೆ! ನೀರು ನೀರು. ಒಗರು ಮಾತ್ರ ನಾಲಿಗೆ ಕೆರೆಯುತ್ತೆ. ಹೋದ ವರ್ಷ ನಿಮ್ಮದು ಹೇಗಿತ್ತು ಎರ್ಮಿನಿಯಾ! ಬಾಯಿ ತುಂಬ, ಒಳ್ಳೇ ಕೆನೆ ಹಾಗೆ!"

"ಏನ್ಮಾಡೋದು, ಈಗಿನ ಕಾಲದ ಸೊಸೆಯಂದಿರು," ಎನ್ನುತ್ತ ಅತ್ತೆ ಬೀಗದ ಕೈಗೆ ಕೈಚಾಚಿದಳು.

ನೋಯೆಮಿ ಅವಳ ಕಿವಿಗೆ ಬಗ್ಗಿದಳು. "ಅದು ನಿಮ್ಮ ಪೀಪಾಯಿದೇ ಅತ್ತೆ. ಹೇಳಿಬಿಡ್ಲಾ?"

ಚಾಚಿದ ಕೈ ಅಲ್ಲೇ ನಿಂತಿತು. ಅತ್ತೆ ಬತ್ತಿಸ್ತನಿಗೆ ಕೇಳುವಂತೆ ದನಿ ಏರಿಸಿದಳು. "ಅಯ್ಯೋ ನಿನ್ನ! ವಿನೆಗರ್‌ಗೆ ಅಂತ ಇಟ್ಟಿದ್ದನ್ನ ತಂದಿದ್ದೀಯಲ್ಲೇ! ಹೋಗು, ನಿಂದನ್ನ ತಾ!"

ನೋಯೆಮಿ ತನ್ನದನ್ನು ತಂದು ಬಗ್ಗಿಸಿದಳು. ಸೇಬಿನ ತಟ್ಟೆಯನ್ನು ತಾನೇ ಬತ್ತಿಸ್ತನ ಮುಂದೆ ತಳ್ಳಿದಳು. ಅವನು ಕಚ್ಚಿದ, ಕುಡಿದ, ಖಾಲಿ ಲೋಟವನ್ನು ಮತ್ತೆ ಮುಂದೆ ಚಾಚಿದ.

"ಇದಪ್ಪಾ ವೈನ್ ಅಂದ್ರೆ! ಅಗಿದು ತಿನ್ನೋ ಹಾಗಿದೆ. ಪೂರ್ತಿ ನನಗೇ ಇರಲಿ."

ನೋಯೆಮಿಗೆ ಹೋದ ಜೀವ ಬಂದಂತಾಯಿತು. ಬೀಗದ ಕೈಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡಳು.

ಬತ್ತಿಸ್ತನಿಗೆ ಉತ್ಸಾಹ ಬಂದುಬಿಟ್ಟಿತ್ತು. "ಹೋದ ವರ್ಷದ ನಿಮ್ಮದೇ ಒಂದು ಪೀಪಾಯಿ ಉಳಿದಿದೆ ಅಂದಿದ್ರಲ್ಲ ಎರ್ಮಿನಿಯಾ? ಅದನ್ನೂ ಒಂದು ಗುಟುಕು ನೋಡೇಬಿಡೋಣ," ಎಂದು ಮತ್ತೊಂದು ಹೋಳಿಗೆ ಕೈ ಹಾಕಿದ.

ಅತ್ತೆ ತಟ್ಟೆಯನ್ನು ಸರಕ್ಕನೆ ತನ್ನ ಕಡೆ ಎಳೆದುಕೊಂಡಳು. "ನೋಯೆಮಿ, ನನ್ನ ಚಿನ್ನ, ಚೀಸ್ ಎಲ್ಲಿಟ್ಟಿದ್ದೀಯಮ್ಮಾ?"