ಹತ್ತೊಂಬತ್ತು ವರ್ಷದ ಬೀಗ

ಹನ್ನೊಂದು ಲಕ್ಷದಲ್ಲಿ ನಿಂತಿದ್ದ ಅಂಕಿ ಒಮ್ಮೆಲೇ ಇಪ್ಪತ್ತೊಂಬತ್ತು ಲಕ್ಷಕ್ಕೆ ಜಿಗಿದದ್ದನ್ನು ಕಂಡು ಅವಳು ಕನ್ನಡಕ ಒರೆಸಿಕೊಂಡಳು. ಪರೀಕ್ಷೆಯನ್ನು ಮತ್ತೆ ಓಡಿಸಿದಳು. ಅಷ್ಟೇ ಬಂತು. ನೆಟ್‌ವರ್ಕಿನಿಂದ ನುಗ್ಗಿ ಬರುವ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನಲ್ ಈಗ ಸೆಕೆಂಡಿಗೆ ಇಪ್ಪತ್ತೊಂಬತ್ತು ಲಕ್ಷದಂತೆ ಬರಮಾಡಿಕೊಳ್ಳುತ್ತಿತ್ತು. ಮೂರು ತಿಂಗಳು ತಲೆ ಚಚ್ಚಿಕೊಂಡದ್ದು ಸಾರ್ಥಕವಾಗಿತ್ತು. ಆದರೂ ಕುಣಿಯಲು ಧೈರ್ಯ ಸಾಲಲಿಲ್ಲ. ಅವಳು ಕಿತ್ತುಹಾಕಿದ್ದು ಮೇಷ್ಟ್ರು ಹಾಕಿದ ಬೀಗವನ್ನು.

ಮೇಷ್ಟ್ರು ಎಂದರೆ ಅವಳ ಕಚೇರಿಯ ಅತಿ ಹಿರಿಯ ಇಂಜಿನಿಯರು. ಅವರು ಒಪ್ಪದೆ ಕರ್ನಲ್‌ನೊಳಗೆ ಒಂದು ಅಲ್ಪವಿರಾಮವೂ ಸೇರುವಂತಿಲ್ಲ. ಅವಳ ಹಿಂದಿನ ಎರಡು ಪ್ರಯತ್ನಗಳನ್ನು ಚಹಾ ಆರುವುದರೊಳಗೆ ತಳ್ಳಿಹಾಕಿದ್ದರು. ಬೀಗವೆಂದರೆ ನಾಲ್ಕೇ ಸಾಲಿನ ಕೋಡು. ಒಂದೊಂದು ಪ್ಯಾಕೆಟ್ಟಿಗೂ ಉಳಿದ ಪ್ರೊಸೆಸರ್‌ಗಳು ಸರದಿ ಕಾಯುವಂತೆ ಮಾಡುತ್ತಿತ್ತು. ಅದರ ನೆತ್ತಿಯ ಮೇಲೆ ಮೇಷ್ಟ್ರ ಎಚ್ಚರಿಕೆ: ‘ಯಾರೂ ಮುಟ್ಟಬೇಡಿ.’ ಹತ್ತೊಂಬತ್ತು ವರ್ಷ ಯಾರೂ ಮುಟ್ಟಿರಲಿಲ್ಲ.

ಮೇಷ್ಟ್ರು ಅವಳ ಕೋಡನ್ನು ಎರಡು ಸಲ ಓದಿದರು.

"ಬೀಗ ಎಲ್ಲಿ ಹೋಯ್ತಮ್ಮ?"

"ತೆಗೆದೆ, ಮೇಷ್ಟ್ರೇ. ಪ್ರತಿ ಪ್ಯಾಕೆಟ್ಟಿಗೂ ಯಾಕೆ? ಅರವತ್ನಾಲ್ಕು ಸೇರಿದ ಮೇಲೆ ಒಂದೇ ಸಲ ಹಾಕಿದ್ರೆ ಸಾಕು."

"ಮೇಲೆ ಬರೆದಿದ್ದು ಓದಿದ್ಯಾ?"

"ಓದಿದೆ."

"ಓದಿಯೂ ಮುಟ್ಟಿದ್ಯಾ!" ಅವರು ಎದ್ದು ಸೀದಾ ಪರೀಕ್ಷೆಯ ಯಂತ್ರಗಳ ಕೋಣೆಗೆ ನಡೆದರು. ಅವಳು ಹಿಂದೆಯೇ ಓಡಿದಳು. ಪ್ಯಾಕೆಟ್‌ಗಳು ಭರ್ರೋ ಎಂದು ಹರಿಯುತ್ತಿರುವಾಗಲೇ ಮೇಷ್ಟ್ರು ಕೇಬಲ್ಲನ್ನು ಸರಕ್ಕನೆ ಕಿತ್ತರು. ಮತ್ತೆ ಚುಚ್ಚಿದರು. ಹೀಗೆ ಹತ್ತು ಸಲ, ಇಪ್ಪತ್ತು ಸಲ. ಯಂತ್ರ ಜಪ್ಪಯ್ಯ ಅಂದರೂ ಬೀಳಲಿಲ್ಲ. ಪ್ರತಿ ಸಲವೂ ಅಂಕಿ ಇಪ್ಪತ್ತೊಂಬತ್ತು ಲಕ್ಷಕ್ಕೇ ಬಂದು ನಿಂತಿತು.

ಮೇಷ್ಟ್ರು ಕೇಬಲ್ ಹಿಡಿದೇ ಕುರ್ಚಿಯಲ್ಲಿ ಕುಸಿದು ಕೂತರು. "ಆಗ ಕೇಬಲ್ ಕಿತ್ತಾಗೆಲ್ಲ ಯಂತ್ರ ಮಕಾಡೆ ಬೀಳ್ತಿತ್ತು. ಒಂದು ವಾರ ಹುಡುಕಿದ್ರೂ ಯಾಕೆ ಅಂತ ತಿಳೀಲಿಲ್ಲ. ಬೀಗ ಜಡಿದೆ, ನಿಂತು ಹೋಯ್ತು. ಭಯಕ್ಕೆ ಹಾಕಿದ ಬೀಗ ಅದು. ನಿಂಗೆ ಗೊತ್ತಾ, ಯಾಕೆ ಬೀಳ್ತಿತ್ತು ಅಂತ?"

"ಗೊತ್ತು," ಎಂದಳು ಮೆಲ್ಲಗೆ. "ಪ್ಯಾಕೆಟ್ ತುಂಬಿಡೋ ಖಾಲಿ ಜಾಗ ಇದೆಯಲ್ಲ, ಕೇಬಲ್ ಕಿತ್ತಾಗ ಕರ್ನಲ್ ಅದೇ ಜಾಗವನ್ನ ಎರಡೆರಡು ಸಲ ವಾಪಸ್ ಕೊಡ್ತಿತ್ತು. ಬೀಗ ಬಿದ್ಮೇಲೆ ಎಲ್ಲ ನಿಧಾನ ಆಗಿ ಆ ತಪ್ಪು ಮುಚ್ಚಿಹೋಯ್ತು. ಮೊದಲು ಅದನ್ನ ಸರಿಮಾಡಿದೆ. ಆಮೇಲೇ ಬೀಗ ತೆಗೆದೆ."

"ಎರಡು ಸಲ!" ಮೇಷ್ಟ್ರು ಹಣೆ ಚಚ್ಚಿಕೊಂಡರು. "ಅಯ್ಯೋ ಪೆದ್ದ, ಎರಡು ಸಲ!" ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೇಷ್ಟ್ರು ನಗುವುದನ್ನು ಕೇಳಿ ಕಚೇರಿಗೆ ಕಚೇರಿಯೇ ಬಾಗಿಲಲ್ಲಿ ಬಂದು ನಿಂತಿತು. ಅವಳಿಗೂ ನಗು ತಡೆಯಲಾಗಲಿಲ್ಲ. ಮೂರು ತಿಂಗಳಿಂದ ಬಿಗಿದಿದ್ದ ಹೆಗಲು ತಾನೇ ಸಡಿಲಾಯಿತು.

ಅವಳ ಬದಲಾವಣೆಗೆ ಅಲ್ಲೇ ಒಪ್ಪಿಗೆ ಒತ್ತಿದ ಮೇಷ್ಟ್ರು, ಫೋನು ತೆಗೆದು ಹೆಂಡತಿಗೆ ಕರೆ ಮಾಡಿದರು.

"ಲೇ ಇವಳೇ, ಹತ್ತೊಂಬತ್ತು ವರ್ಷದ ಹಿಂದೆ ನಿನ್ನ ತಂಗಿ ಮದುವೆಗೆ ಬರದೆ ಆಫೀಸಲ್ಲೇ ಕೂತಿದ್ನಲ್ಲ, ಅವತ್ತು ಏನು ಕೆಟ್ಟಿತ್ತು ಅಂತ ಈಗ ಗೊತ್ತಾಯ್ತು! ಇಲ್ಲೊಬ್ಬ ಹುಡುಗಿ ಕಂಡುಹಿಡಿದಳು!"

ಖುಷಿಯ ಭರದಲ್ಲಿ ಸ್ಪೀಕರ್ ಗುಂಡಿ ಒತ್ತಿಹೋಗಿತ್ತು. ಆ ಕಡೆಯ ಉತ್ತರ ಕೋಣೆಗೆಲ್ಲ ಕೇಳಿಸಿತು:

"ಆ ಹುಡುಗೀನ ಭಾನುವಾರ ಊಟಕ್ಕೆ ಕರೀರಿ, ನನ್ನ ತಂಗಿಗೂ ಹೇಳ್ತೀನಿ. ನಿಮಗೆ ಕೆಲಸ ಇದ್ರೆ ಬರದಿದ್ರೂ ನಡೆಯತ್ತೆ."