ಕರೆಂಟ್ ಗಾಡಿ

"ಮುಟ್ಟಬೇಡ್ರೋ! ಯಾರೂ ಮುಟ್ಟಬೇಡ್ರೋ!" ಎಂದು ಜನಾರ್ದನ ಕಿರುಚಿಕೊಂಡ. ಭದ್ರಾವತಿಯ ಆ ಎರಕದ ಕಾರ್ಖಾನೆಯ ಶೆಡ್ಡಿನಲ್ಲಿ ಹೊಸ ಕರೆಂಟ್ ಗಾಡಿ ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ, ತನ್ನ ಡ್ರೈವರ್ ಹಾಲಸ್ವಾಮಿಯನ್ನೇ ಗೋಡೆಗೆ ಒತ್ತಿ ನಿಲ್ಲಿಸಿಬಿಟ್ಟಿತ್ತು. ಹೇರಿದ್ದ ಪೈಪುಗಳ ಹಗ್ಗ ಬಿಗಿಯಲೆಂದು ಇಳಿದವನು ಬ್ರೇಕು ಸರಿಯಾಗಿ ಕಚ್ಚಿದೆಯೋ ಇಲ್ಲವೋ ನೋಡಿರಲಿಲ್ಲ. ಗಾಡಿಯ ಹಿಂಬದಿಯ ಕಬ್ಬಿಣದ ಅಂಚು ಎದೆಗೆ ಅಮುಕಿತ್ತು. ಅವನ ಬಾಯಿ ತೆರೆದಿತ್ತು, ಮೈಯೆಲ್ಲ ಗಡಗಡ ನಡುಗುತ್ತಿತ್ತು.

ಆ ನಡುಕ ಕಂಡೇ ಎಲ್ಲರೂ ಹಿಂದೆ ಸರಿದದ್ದು. ಹೋದ ದೀಪಾವಳಿಯ ಹೊತ್ತಿಗೆ ಇದೇ ಶೆಡ್ಡಿನಲ್ಲಿ ಶೇಷಪ್ಪ ತಂತಿ ಹಿಡಿದು ಹೀಗೇ ನಡುಗಿದ್ದ. ಬಿಡಿಸಲು ಹೋದ ಅವನ ತಮ್ಮನೂ ಅವನ ಜೊತೆಗೇ ಹೋದ. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ್ದೇ ಹೇಳಿದ್ದು: ಕರೆಂಟ್ ಹಿಡಿದವನನ್ನು ಮುಟ್ಟಬಾರದು, ಮೊದಲು ಮೇನ್ ಆಫ್ ಮಾಡಿಸಬೇಕು, ಅಲ್ಲಿಯವರೆಗೆ ಒಣ ಬಿದಿರು ಹಿಡಿದು ದೂರ ನಿಲ್ಲಬೇಕು. ಈಗ ಒಬ್ಬ ಮೇನ್ ಆಫ್ ಮಾಡಿಸಲು ಓಡಿದ. ಉಳಿದವರು ಬಿದಿರಿನಿಂದ ಗಾಡಿಯನ್ನು ಒಂದೆರಡು ಸಲ ತಿವಿದು ನೋಡಿ, ಅದು ಅಲುಗದಿದ್ದಾಗ ದೂರ ನಿಂತರು. ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿದ್ದರು, ಪಾಪ!

ಆ ಗಾಡಿಯಲ್ಲಿ ಆಳು ಸಾಯುವಂಥ ಕರೆಂಟು ಎಲ್ಲಿತ್ತು? ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ನಾಲ್ಕಾರು ಬ್ಯಾಟರಿಗಳಿದ್ದವು, ಅಷ್ಟೇ. ಆದರೆ ಅದನ್ನು ತರಿಸಿದ ಸಾಹೇಬರಿಗೆ ಬ್ಯಾಟರಿ ಗಾಡಿ ಎನ್ನುವುದು ತೀರಾ ಸಪ್ಪೆಯಾಗಿ ಕಂಡಿತು. ಶಿವಮೊಗ್ಗದಿಂದ ಪೇಂಟರನ್ನು ಕರೆಸಿ, ಟ್ರಾನ್ಸ್‌ಫಾರ್ಮರ್ ಬೇಲಿಯ ಮೇಲೆ ಅಪಾಯ ಎಂದು ಬರೆದಿದ್ದ ಅದೇ ಕೆಂಪು ಬಣ್ಣದಲ್ಲಿ 'ವಿದ್ಯುತ್ ವಾಹನ' ಎಂದು ದೊಡ್ಡದಾಗಿ ಬರೆಸಿದರು. ಮಿಕ್ಕಿದ್ದನ್ನು ಹಾಲಸ್ವಾಮಿ ಪೂರೈಸಿದ. ಸೋಮಾರಿಗಳು ಹಿಂದೆ ಹತ್ತಿ ಕೂರುತ್ತಾರೆಂದು, ಮೊಣಕಾಲಿನವರೆಗೆ ರಬ್ಬರ್ ಬೂಟು ಏರಿಸಿಕೊಂಡು ಗತ್ತಿನಿಂದ ಹೇಳುತ್ತಿದ್ದ: "ಕರೆಂಟ್ ಗಾಡಿ ಮಾರಾಯ, ದೂರ ನಿಂತ್ಕೊ. ಮುಟ್ಟಿದ್ರೆ ಹಿಡ್ಕೊಂಡ್ಬಿಡುತ್ತೆ. ಬೂಟ್ ಇರೋದಕ್ಕೆ ನಾನು ಬದುಕಿದೀನಿ." ಅರವತ್ತರ ದಶಕದ ಆ ವರ್ಷಗಳಲ್ಲಿ ಅಲ್ಲಿನ ಆಳುಗಳಿಗೆ ಕರೆಂಟ್ ಎಂದರೆ ಒಂದೋ ಬಲ್ಬಿನ ಬೆಳಕು, ಇಲ್ಲವೇ ಶೇಷಪ್ಪನ ಸಾವು. ಸಾಲದ್ದಕ್ಕೆ ದಿನಾ ಸಂಜೆ ಗೋಡೆಯಿಂದ ದಪ್ಪ ವೈರು ಎಳೆದು ಗಾಡಿಗೆ ಸಿಕ್ಕಿಸುವುದನ್ನು ಕಣ್ಣಾರೆ ಕಂಡಿದ್ದರು. ನಂಬದೆ ಏನು ಮಾಡುತ್ತಾರೆ?

ಗಂಗಾಧರಪ್ಪ ಪಕ್ಕದ ಶೆಡ್ಡಿನಿಂದ ಓಡಿ ಬಂದ. ಹಾಲಸ್ವಾಮಿ ಅವನ ತಂಗಿ ಕಾಶಮ್ಮನ ಗಂಡ. "ಭಾವಾ!" ಎಂದು ನುಗ್ಗಿದವನನ್ನು ಜನಾರ್ದನ ಸೊಂಟಕ್ಕೆ ಕೈಹಾಕಿ ಹಿಡಿದ.

"ಬಿಡೋ, ಎಳೀತೀನಿ!"

"ಹುಚ್ಚು ಹಿಡೀತೇನೋ ನಿಂಗೆ? ಶೇಷಪ್ಪನ ತಮ್ಮ ಏನಾದ, ಮರ್ತುಬಿಟ್ಯಾ? ಕಾಶಮ್ಮಂಗೆ ಗಂಡನೂ ಇಲ್ಲ, ಅಣ್ಣನೂ ಇಲ್ಲ ಅನ್ನೋ ಹಾಗೆ ಮಾಡ್ತೀಯಾ? ಮೇನ್ ಆಫ್ ಆಗ್ಲಿ, ತಡಿ."

ಹಾಲಸ್ವಾಮಿಯ ತುಟಿ ಅಲ್ಲಾಡಿತು. "ಭಾವ... ಕರೆಂಟಿಲ್ಲ ಕಣೋ... ಸುಮ್ನೆ ಹೇಳಿದ್ದೆ... ಎಳಿ..."

ಗಂಗಾಧರಪ್ಪನಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಅವನನ್ನು ಹಿಡಿದವರು ಈಗ ಮೂವರಾಗಿದ್ದರು ನಿಜ, ಆದರೆ ಅವನೂ ಕೊಸರಾಡುವುದನ್ನು ಬಿಟ್ಟಿದ್ದ. ಭಾವನ ಮಾತು ನಂಬಿ ಆ ಕಬ್ಬಿಣಕ್ಕೆ ಕೈ ಹಾಕಲು ಅವನಿಗೆ ಧೈರ್ಯ ಬರಲಿಲ್ಲ. ಎಷ್ಟೆಂದರೂ ಜೀವದ ಆಸೆ.

ಅಂತೂ ಮೇನ್ ಆಫ್ ಆಯಿತು. ಫ್ಯಾನು, ಕ್ರೇನು, ಯಂತ್ರಗಳ ಸದ್ದು ಒಂದೊಂದಾಗಿ ಅಡಗಿತು. ಹಗಲಲ್ಲೂ ದೀಪ ಹಾಕಿಕೊಂಡೇ ಕೆಲಸ ನಡೆಯುತ್ತಿದ್ದ ಶೆಡ್ಡು ಕತ್ತಲಾಯಿತು. ಗಾಡಿಯ ಮುಂದಿನ ಎರಡು ದೀಪ ಮಾತ್ರ ಬಿದಿರು ಹಿಡಿದು ನಿಂತವರ ಮುಖಕ್ಕೆ ನೆಟ್ಟಗೆ ಬಡಿಯುತ್ತಿತ್ತು.

"ಇನ್ನೂ ಹೋಗಿಲ್ಲ ಕಣ್ರೋ ಕರೆಂಟು! ದೀಪ ಉರೀತಾನೇ ಇದೆ ನೋಡಿ! ಓಡಿ, ಹೋಗಿ ಹೇಳ್ರೋ!" ಎಂದು ಜನಾರ್ದನ ಕೂಗಿದ. ಮತ್ತೊಬ್ಬ ಓಡಿದ.

ಗಂಗಾಧರಪ್ಪ ಆ ದೀಪವನ್ನೇ ನೋಡಿದ. ಇಡೀ ಕಾರ್ಖಾನೆಯ ಕರೆಂಟು ಹೋದರೂ ಉರಿಯುತ್ತಿದೆಯೆಂದರೆ ಅದು ತಂತಿಯ ಕರೆಂಟಲ್ಲ. ಭಾವ ಹೇಳಿದ್ದು ನಿಜ. ಹಿಡಿದವರನ್ನು ಕೊಡವಿಕೊಂಡು ಹೋಗಿ ಎರಡೂ ಕೈಗಳಿಂದ ಗಾಡಿಯ ಮುಂಭಾಗ ಹಿಡಿದ. ಏನೂ ಆಗಲಿಲ್ಲ. ಕಬ್ಬಿಣ ತಣ್ಣಗಿತ್ತು. ಅದನ್ನು ಕಂಡು ಉಳಿದವರೂ ಬಿದಿರು ಬಿಸಾಡಿ ಕೈಜೋಡಿಸಿದರು. ಎಲ್ಲರೂ ಸೇರಿ ಒಂದು ಸಲ ಎಳೆದದ್ದೇ ತಡ, ಗಾಡಿ ಮುಂದಕ್ಕೆ ಬಂತು. ಹಾಲಸ್ವಾಮಿ ಗೋಡೆಗುಂಟ ಜಾರಿ ಕೆಳಗೆ ಬಿದ್ದ. ಅವನ ನಡುಕ ಯಾವಾಗಲೋ ನಿಂತುಹೋಗಿತ್ತು.

ಕಾಶಮ್ಮನ ಮನೆಯಿದ್ದ ಜನ್ನಾಪುರಕ್ಕೆ ಸುದ್ದಿ ಗಂಗಾಧರಪ್ಪನಿಗಿಂತ ಮೊದಲೇ ಹೋಗಿತ್ತು. ಕರೆಂಟ್ ಹೊಡೆದು ಹೋದನಂತೆ ಎಂದು ಬೀದಿಗೆ ಬೀದಿಯೇ ಮಾತಾಡಿಕೊಳ್ಳುತ್ತಿತ್ತು. ಬಾಗಿಲಲ್ಲಿ ಕುಸಿದು ಕೂತು ಅಳುತ್ತಿದ್ದ ಕಾಶಮ್ಮ ಅಣ್ಣನನ್ನು ಕಂಡವಳೇ ಎದ್ದು ಬಂದಳು. ಅವನ ಎರಡೂ ಕೈ ಹಿಡಿದು, ಎಲ್ಲಾದರೂ ಸುಟ್ಟಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡಿದಳು.

"ನೀನು ಅವರನ್ನ ಬಿಡಿಸೋಕೆ ಹೋಗ್ಲಿಲ್ಲ ತಾನೇ ಅಣ್ಣಾ? ನೀನು ಮುಟ್ಲಿಲ್ಲ ತಾನೇ?"

ಗಂಗಾಧರಪ್ಪ ಅವಳ ಹಿಡಿತದಲ್ಲಿದ್ದ ತನ್ನ ಕೈಗಳನ್ನು ನೋಡಿದ.

"ಇಲ್ಲಮ್ಮ," ಎಂದ. "ಮುಟ್ಲಿಲ್ಲ."

"ಸದ್ಯ, ನೀನಾದ್ರೂ ಉಳ್ಕೊಂಡ್ಯಲ್ಲ," ಎಂದು ಅವಳು ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು.