ಹತ್ತು ಹೆಜ್ಜೆಯ ಗುರಿ

ಲೆವೈ ಮತ್ತೆ ಹತ್ತೇ ಹೆಜ್ಜೆ ಅಳೆದ. ಬೇಲಿಯ ಈಚೆ ಮೆಕ್ಕೆಜೋಳದ ಕಣಜದ ಮರೆಯಲ್ಲಿ ನಿಂತಿದ್ದ ಅಮೋಸ್ ಒಂದೊಂದನ್ನೂ ಎಣಿಸಿದ. ಟೆನೆಸ್ಸಿಯ ಬೆಟ್ಟಗಳಲ್ಲಿ ಜಿಂಕೆಗೆಂದು ಕೋವಿ ಹದಮಾಡುವವನು ಅರವತ್ತು ಹೆಜ್ಜೆಯಿಂದ ಗುರಿ ನೋಡುತ್ತಾನೆ. ಹತ್ತು ಹೆಜ್ಜೆಯವರೆಗೂ ನಿಂತು ಹೊಡೆಸಿಕೊಳ್ಳುವಷ್ಟು ದಡ್ಡ ಜಿಂಕೆ ಇನ್ನೂ ಹುಟ್ಟಿಲ್ಲ.

ಗುರಿಗೆ ನೆಟ್ಟ ಹಲಗೆಯೂ ಅವನಿಗೆ ಹಿಡಿಸಲಿಲ್ಲ. ಅದು ಹೆಚ್ಚುಕಡಿಮೆ ಅಮೋಸನಷ್ಟೇ ಎತ್ತರವಿತ್ತು. ಎದೆಯ ಮಟ್ಟದಲ್ಲಿ ಇದ್ದಿಲಿನ ಗುರುತು.

ಲೆವೈ ಅಮೋಸನ ಹೆಂಡತಿ ಡೋರ್ಕಸಳ ಅಣ್ಣ. ಮಾವ ಸಾಯುವಾಗ ಕಣಿವೆಯ ನೀರಿನ ಒರತೆಯನ್ನು ಮಗನಿಗೆ ಬಿಡದೆ ಮಗಳಿಗೆ ಬರೆದುಕೊಟ್ಟಿದ್ದ. ಅಂದಿನಿಂದ ಆರು ವರ್ಷ ಗಂಡಸರಿಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ಇವನ ಬೈಗುಳವನ್ನು ಅವನಿಗೆ, ಅವನ ಬೈಗುಳವನ್ನು ಇವನಿಗೆ ಮುಟ್ಟಿಸಿ ಮುಟ್ಟಿಸಿ ಡೋರ್ಕಸ್ ಸೋತು ಹೋಗಿದ್ದಳು.

ಕೋವಿಯ ಆಯ್ಕೆಯಲ್ಲೇ ಅಮೋಸನಿಗೆ ಅನುಮಾನ ಹತ್ತಿದ್ದು. ಲೆವೈಯ ಬಳಿ ಅಪ್ಪನ ಕಾಲದ ನೀಳ ಕೋವಿಯಿತ್ತು. ಮರದ ತುದಿಯ ಅಳಿಲನ್ನೂ ಬಿಡದ ಕೋವಿ ಅದು. ಅದನ್ನು ಗೋಡೆಗೇ ಬಿಟ್ಟು ಅವನು ಎತ್ತಿಕೊಂಡಿದ್ದು ಮೋಟು ನಳಿಗೆಯ, ಹೆಬ್ಬೆರಳಿನಷ್ಟು ದಪ್ಪ ಗುಂಡು ನುಂಗುವ ಕೋವಿ. ಮೊದಲ ದಿನ ಗುಂಡಿಗೆ ಸುತ್ತಿದ ಬಟ್ಟೆಚೂರು ಸುಟ್ಟು ಹೊರಬಿತ್ತು. ಲೆವೈ ಅದನ್ನು ಹೆಕ್ಕಿ, ಮೂಸಿ ನೋಡಿ, ದಪ್ಪ ಬಟ್ಟೆಗೆ ಕೊಬ್ಬು ಸವರಿಕೊಂಡು ಬಂದ. ಮರುದಿನ ಚಿಟಿಕೆ ಚಿಟಿಕೆಯಾಗಿ ಮದ್ದು ಏರಿಸಿದ. ಅದರ ಮರುದಿನ ತುದಿಯ ಗುರಿಮೊನೆಯನ್ನು ಅರದಿಂದ ತಿಕ್ಕಿದ. ಆರನೆಯ ದಿನಕ್ಕೆ ಮೂರು ಗುಂಡೂ ಒಂದೇ ತೂತಿನಲ್ಲಿ ಹೋದವು. ಆಗ ಮದ್ದು, ಬಟ್ಟೆ, ಗುಂಡು ತುಂಬಿ, ಗುಂಡು ತಳ್ಳುವ ಗಜದ ಕಡ್ಡಿ ಎಲ್ಲಿಯವರೆಗೆ ಇಳಿಯಿತೋ ಅಲ್ಲಿಗೆ ಅದರ ಮೇಲೆ ಚಾಕುವಿನಿಂದ ಗೀರು ಹಾಕಿದ. ಇನ್ನು ಗಜ ಇಳಿಸಿ ನೋಡಿದರೆ ಸಾಕು, ಕೋವಿ ಸರಿಯಾಗಿ ತುಂಬಿದೆಯೋ ಇಲ್ಲವೋ ತಿಳಿಯುತ್ತದೆ.

"ನಿನ್ನಣ್ಣ ಯಾರನ್ನ ಸಾಯಿಸೋಕೆ ಹೊರಟಿದಾನೆ?" ಅಮೋಸ್ ಹೆಂಡತಿಯನ್ನು ಕೇಳಿದ.

"ನಂಗೇನು ಗೊತ್ತು? ಕೇಳಿದ್ರೆ ಗುರ್ ಅಂತಾನೆ. ನಿನಗೊಂದು ಮಾತು ಹೇಳು ಅಂದಿದಾನೆ."

"ಏನಂತೆ ಮಹಾರಾಯಂದು?"

"ಬೆಳಕು ಹರಿಯೋ ಹೊತ್ತಲ್ಲಿ ಒರತೆ ದಾರಿ ತುಳೀಬಾರ್ದಂತೆ. ಅಲ್ಲಿ ಅವನಿಗೊಂದು ಕೆಲಸ ಮುಗಿಸೋದಿದೆಯಂತೆ. ಮಧ್ಯೆ ಬಂದ್ರೆ ನಿನ್ನ ಹಣೆಬರಹ ಅಂದ."

"ನನ್ನ ಒರತೆಗೆ ನಾನು ಹೋಗಬಾರದಾ?"

"ಎರಡು ದಿನ ಹೋಗದಿದ್ರೆ ಏನು ಗಂಟು ಹೋಗುತ್ತೆ? ಹಠ ಮಾಡ್ಬೇಡ ಮಾರಾಯ."

"ಅವನ ಹಂದಿಗಳೆಲ್ಲಿ? ದೊಡ್ಡಿ ಖಾಲಿ ಹೊಡೀತಿದೆ."

"'ಹೋದವು' ಅಂದ. ಅಷ್ಟೇ."

ಹಂದಿ ಮಾರಿಕೊಂಡಿದ್ದಾನೆ! ಅಮೋಸನಿಗೆ ಎಲ್ಲ ನಿಚ್ಚಳವಾಯಿತು. ತನ್ನನ್ನು ಮುಗಿಸಿ ಪಶ್ಚಿಮಕ್ಕೆ ಕಾಲು ಕೀಳುವ ಹುನ್ನಾರ. ಶೆರೀಫನ ಊರು ಎರಡು ದಿನದ ದಾರಿ. ಹೋಗಿ ಹೇಳಿದರೂ ನಗುತ್ತಾನೆ. ಅಮೋಸನಿಗೆ ಹೆದರಿಕೆಯಾಯಿತು. ಹೆದರಿಕೆ ಬಂದಷ್ಟೇ ಬೇಗ ರೋಷವಾಯಿತು.

ಮಧ್ಯಾಹ್ನ ಲೆವೈ ಹಿಟ್ಟಿನ ಗಿರಣಿಗೆ ಹೋದದ್ದೇ ತಡ, ಅಮೋಸ್ ಅವನ ಮನೆ ಹೊಕ್ಕ. ಹಿಂಗಾಲಿಗೆ ಬಟ್ಟೆ ಕಟ್ಟಿಸಿಕೊಂಡು ಒಲೆಯ ಮುಂದೆ ಮಲಗಿದ್ದ ನಾಯಿ ಬೊಗಳಲೂ ಇಲ್ಲ. ಬಾಗಿಲ ಮೇಲಿನಿಂದ ಮೋಟು ಕೋವಿ ಇಳಿಸಿ, ತಿರುಪುಮೊನೆಯ ಕಡ್ಡಿಯಿಂದ ಗುಂಡನ್ನು ಹೊರಗೆಳೆದ. ಮದ್ದನ್ನು ಬೂದಿಗೆ ಸುರಿದ. ಅದು ಇದ್ದಷ್ಟೇ ಮೆಕ್ಕೆಜೋಳದ ಹಿಟ್ಟು ತುಂಬಿ ಗುಂಡನ್ನು ಮತ್ತೆ ಕೂರಿಸಿದ. ಗಜದ ಗೀರು ನಳಿಗೆಯ ಬಾಯಿಗೆ ಕೂದಲೆಳೆ ಆಚೀಚೆಯಾಗದೆ ನಿಂತಿತು. ಅಮೋಸ್ ಆರು ದಿನದಲ್ಲಿ ಮೊದಲ ಬಾರಿ ನಕ್ಕ.

ಮನೆಗೆ ಬಂದು ತನ್ನ ಕೋವಿಯನ್ನೂ ತುಂಬಿಕೊಂಡ. ಅದು ಒಂದು ಗೇಣು ಎಡಕ್ಕೆ ಎಳೆಯುವ ಕೋವಿಯೆಂದು ಊರಿಗೇ ಗೊತ್ತು. ಆದರೆ ಹತ್ತು ಹೆಜ್ಜೆಗೆ ಅಂಥದೂ ಸಾಕು. ಮೊದಲು ಕೋವಿ ಎತ್ತಿದವನು ಲೆವೈ ಎಂದಾದರೆ ಯಾವ ನ್ಯಾಯಾಧೀಶನೂ ತನ್ನ ಕೂದಲು ಕೊಂಕಿಸುವಂತಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅವನು ಬೇಕೆಂದೇ ಒರತೆಯ ದಾರಿ ಹಿಡಿದ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಹೊಡೆಯಲು ಅಣಿಯಾದ ಕೋವಿ. ಮಂಜು ಮೊಣಕಾಲಿನವರೆಗೆ ಕವಿದಿತ್ತು. ಒರತೆಯ ಹತ್ತಿರ ಪೊದೆ ಅಲುಗಿತು. ಲೆವೈ ಎದ್ದು ನಿಂತ. ಮೋಟು ಕೋವಿಯ ಬಾಯಿ ನೇರ ಅಮೋಸನತ್ತ. ದೂರ ಹತ್ತು ಹೆಜ್ಜೆ.

"ಬಗ್ಗೋ ಅಮೋಸ್! ಬೀಳೋ ಕೆಳಗೆ!"

ಆರು ವರ್ಷದ ಮೇಲೆ ಆಡಿದ ಮೊದಲ ಮಾತು.

"ನಿನ್ನ ಕಾಲಿಗೆ ಬಿದ್ದು ಸಾಯ್ಬೇಕಾ ನಾನು?" ಅಮೋಸ್ ಎದೆ ಸೆಟೆಸಿ ನಿಂತ. "ಹೊಡಿ, ನೋಡೋಣ!"

ಲೆವೈ ಏನೋ ಬೈದುಕೊಂಡು ಪಕ್ಕಕ್ಕೆ ಒಂದು ಹೆಜ್ಜೆ ಸರಿದು ಕೋವಿಯ ಕುದುರೆ ಎಳೆದ. ಚಕಮಕಿ ಕಿಡಿ ಕಾರಿತು. ನಳಿಗೆಯ ಪಕ್ಕದ ಬಟ್ಟಲಿನಲ್ಲಿದ್ದ ಚೂರು ಮದ್ದು ಭಗ್ಗೆಂದು ಉರಿದು ಆರಿತು. ನಳಿಗೆ ತೆಪ್ಪಗಿತ್ತು.

ಅಮೋಸ್ ಬಕೆಟ್ಟು ಬಿಸುಟ, ಕೋವಿ ಎತ್ತಿದ, ಹೊಡೆದ.

ಹೊಗೆ ಚದುರಿದಾಗ ಲೆವೈ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ತನ್ನನ್ನು ಕೊಂದವನ ಕಡೆ ಅವನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಅಮೋಸನ ಭುಜದಾಚೆ ನೆಟ್ಟಿತ್ತು.

"ಹಿಂದೆ..." ಅಂದ ಲೆವೈ, ಬಾಯಲ್ಲಿ ರಕ್ತ ತುಂಬಿಕೊಂಡು. "ಹಿಂದೆ ನೋಡೋ, ದಡ್ಡ."

ಅಮೋಸ್ ಬರಿದಾದ ಕೋವಿ ಹಿಡಿದು ತಿರುಗಿದ: ಹಂದಿಯ ರುಚಿ ಹತ್ತಿದ ಕರಡಿ ಎರಡು ಕಾಲ ಮೇಲೆ ಎದ್ದು ನಿಂತಿತ್ತು.